ಮಿತವಾದ ಹಣದಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಆರಿಸುವ ಬಗೆ



ಬೋರ್ಡೋ ದ್ರಾವಣದ ಪ್ರಮಾಣ, ಪಂಪ್‌ಸೆಟ್ಟಿನ ಬೆಲೆ, ಗೊಬ್ಬರದ ಲೆಕ್ಕ ಇವುಗಳನ್ನು ವಿಚಾರಿಸುತ್ತಿದ್ದ ನಮ್ಮ ಮೇಗುಂದ ಹೋಬಳಿಯ ಮನೆಗಳಲ್ಲಿ ಈಗ ಹೊಸದೊಂದು ಪ್ರಶ್ನೆ ಹುಟ್ಟಿಕೊಂಡಿದೆ. ಕಾಲೇಜಿಗೆ ಸೇರಿದ ಮಗನೋ ಮಗಳೋ ಲ್ಯಾಪ್‌ಟಾಪ್ ಬೇಕೆನ್ನುತ್ತಾರೆ. ಅದೂ ಸಾಮಾನ್ಯದ್ದಲ್ಲ, ಗೇಮಿಂಗ್ ಲ್ಯಾಪ್‌ಟಾಪ್ ಎಂದು ಹಟ. ಅಪ್ಪಯ್ಯನಿಗೆ ಅದರ ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಮೇಲೆ ಬಂದು ಕೂತಿದೆ. ಹೀಗಿರಲು ಅರುವತ್ತು ಎಪ್ಪತ್ತು ಸಾವಿರ ರೂಪಾಯಿ ಎಂದರೆ ಅನೇಕ ಮನೆಗಳಿಗೆ ಒಂದು ಹಂಗಾಮಿನ ಔಷಧಿ, ಕೂಲಿ ಎರಡನ್ನೂ ನುಂಗುವ ಹಣ. ಇಷ್ಟು ಹಣ ಹಾಕುವುದಾದರೆ ತಿಳಿದು ಹಾಕಬೇಕು, ಹಾಕುವುದು ಬೇಡವಾದರೂ ತಿಳಿದೇ ಬೇಡವೆನ್ನಬೇಕು. ಅದಕ್ಕಾಗಿ ಈ ಪಾಠ.

ಮೊದಲು ಈ ಯಂತ್ರ ಏನೆಂಬುದನ್ನು ತಿಳಿಯೋಣ. ಎಲ್ಲ ಲ್ಯಾಪ್‌ಟಾಪಿನಲ್ಲಿಯೂ ಲೆಕ್ಕ ಮಾಡುವ ಪ್ರೊಸೆಸರ್ ಇರುತ್ತದೆ. ಚಿತ್ರ ಬರೆಯುವ ಕೆಲಸವನ್ನೂ ಸಾಧಾರಣವಾಗಿ ಅದರೊಳಗಿನ ಒಂದು ಭಾಗವೇ ಮಾಡಿಕೊಳ್ಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಾದರೋ ಚಿತ್ರ ಬರೆಯುವುದಕ್ಕೆಂದೇ ಬೇರೊಂದು ಚಿಪ್ಪು, ಅದಕ್ಕೆ ಸ್ವಂತದ ಮೆಮೊರಿ ಇರುತ್ತದೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಅದು ಹೆಚ್ಚು ಕರೆಂಟು ತಿನ್ನುತ್ತದೆ, ಹೆಚ್ಚು ಬಿಸಿಯಾಗುತ್ತದೆ; ಬಿಸಿಯನ್ನು ಹೊರಹಾಕಲು ದೊಡ್ಡ ಫ್ಯಾನು ಬೇಕು; ಆದುದರಿಂದ ಯಂತ್ರ ದಪ್ಪವಾಗಿ, ಎರಡು ಎರಡೂವರೆ ಕಿಲೋ ತೂಗುತ್ತದೆ. ಚಾರ್ಜರೇ ಒಂದು ಇಟ್ಟಿಗೆಯಂತೆ ಇರುತ್ತದೆ. ದಿನಾ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಹುಡುಗಿಗೆ ಈ ಭಾರವೂ ಒಂದು ಲೆಕ್ಕವೇ.

ಇನ್ನು ಕೊಳ್ಳುವ ಮಾತು. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕೂತು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಆಟ, ಯಾವ ಓದು? ಮಕ್ಕಳನ್ನು ಗದರದೆ ಆಟದ ಹೆಸರನ್ನು ಕೇಳಿ ಬರೆದುಕೊಳ್ಳಿರಿ. 2020ರಲ್ಲಿ ಬಂದ ವ್ಯಾಲರೆಂಟ್ ಎಂಬ ಆಟವನ್ನು ಬಹಳ ಮಂದಿ ಆಡುತ್ತಾರೆ. ಅದು ಪುಕ್ಕಟೆ ಸಿಗುವ ಆಟ. ಹಗುರ ಯಂತ್ರದಲ್ಲಿಯೂ ನಡೆಯಬೇಕೆಂದೇ ಮಾಡಿದ್ದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಧಾರಾಳವಾಗಿ ಆಡಬಹುದು. ಅದೇ ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2 ಎಂಬಂಥ ದೊಡ್ಡ ಆಟಗಳಾದರೆ ಕಾರ್ಡು ಇಲ್ಲದೆ ಸುಖವಿಲ್ಲ.

ಓದಿನ ಮಾತೂ ಹಾಗೆಯೇ. ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ಮೂರು ಆಯಾಮದ ನಕ್ಷೆ ಬರೆಯಲು, ವಿಡಿಯೋ ಕೆಲಸ ಕಲಿಯುವವರಿಗೆ, ಕೃತಕ ಬುದ್ಧಿಮತ್ತೆಯ ಅಭ್ಯಾಸ ಮಾಡುವವರಿಗೆ ಈ ಕಾರ್ಡು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ; ಹಾಗಾಗಿ ಮಗ ಹೇಳುವುದು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ. ಬಿ.ಕಾಂ., ಬಿ.ಎ. ಓದುವವರಿಗೆ ಓದಿನ ಸಲುವಾಗಿ ಅದರ ಅವಶ್ಯಕತೆ ಇಲ್ಲ. ಬರೆಯುವುದು, ಲೆಕ್ಕದ ಹಾಳೆ, ಹಗುರವಾದ ಒಂದೆರಡು ಆಟ ಇಷ್ಟೇ ಆದರೆ 16 ಜಿಬಿ ರ್ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪು ಸಾಕು. ಉಳಿದ ಹಣ ತೋಟಕ್ಕೆ ಆಗಲಿ.

ಆಟ ಎನ್ನುವಾಗ ಒಂದು ವಿಷಯ ಸ್ಪಷ್ಟವಿರಬೇಕು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಬೇರೆ, ಇದು ಬೇರೆ. ಹಣದ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಿತು. ಅದೇ ಕಾಯಿದೆ ಇ-ಸ್ಪೋರ್ಟ್ಸ್ ಎಂಬ ಪಂದ್ಯದ ಆಟಗಳನ್ನು ಬೇರೆಯಾಗಿ ಕಂಡು ಮಾನ್ಯ ಮಾಡಿದೆ. ಹಣದ ಆಟಕ್ಕೆ ಗೇಮಿಂಗ್ ಲ್ಯಾಪ್‌ಟಾಪೇನೂ ಬೇಡ, ಐದು ಸಾವಿರದ ಫೋನು ಸಾಕು. ಆದುದರಿಂದ ಮನೆ ಹಾಳಾಗುವ ಭಯವನ್ನು ಈ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಕಾರ್ಡು ಬೇಕೆಂದೇ ತೀರ್ಮಾನವಾಯಿತೆನ್ನಿ. ಈಗ ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವ ಜಾಗಕ್ಕೆ ಬಂದೆವು. ಚೀಲದ ಮೇಲೆ ರಾಶಿ ಇಡಿ ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ಯಾವ ಮಂಡಿಯವನೂ ಅದನ್ನು ರಾಶಿ ಇಡಿಯೆಂದು ಒಪ್ಪುವುದಿಲ್ಲ, ಕೈ ಹಾಕಿ ನೋಡುತ್ತಾನೆ. ಲ್ಯಾಪ್‌ಟಾಪಿನ ಮೇಲೆ ಕೆಂಪು ದೀಪ, ಹುಲಿಯ ಕಣ್ಣಿನಂಥ ಚಿತ್ರ, ‘ಗೇಮಿಂಗ್’ ಎಂಬ ಅಕ್ಷರ ಇದ್ದ ಮಾತ್ರಕ್ಕೆ ನಾವೇಕೆ ಒಪ್ಪಬೇಕು? ಕೈ ಹಾಕಿ ನೋಡಬೇಕಾದ್ದು ಎರಡು: ಕಾರ್ಡಿನ ಸ್ವಂತ ಮೆಮೊರಿ ಎಷ್ಟು ಜಿಬಿ, ಮತ್ತು ಆ ಕಾರ್ಡಿಗೆ ಆ ಯಂತ್ರ ಎಷ್ಟು ವಾಟು ಕೊಡುತ್ತದೆ.

ಮೆಮೊರಿಯನ್ನು ಅಡಿಕೆ ಒಣಗಿಸುವ ಅಂಗಳವೆಂದು ತಿಳಿಯಿರಿ. ಅಂಗಳ ಚಿಕ್ಕದಾದರೆ ಒಂದಿಷ್ಟು ಹರವಿ, ತೆಗೆದು, ಮತ್ತೊಂದಿಷ್ಟು ಹರವಬೇಕು. ಕೆಲಸ ತಡೆತಡೆದು ಸಾಗುತ್ತದೆ. ಆಟವೂ ಹಾಗೆಯೇ ತಡೆದು ತಡೆದು ನಡೆಯುತ್ತದೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಕಾರ್ಡು ಲ್ಯಾಪ್‌ಟಾಪುಗಳಿಗೆ 2021ರಲ್ಲಿ ಬಂದಾಗ ಅದಕ್ಕೆ 4 ಜಿಬಿ ಮೆಮೊರಿ ಇತ್ತು. ಅದೇ ಹೆಸರಿನಲ್ಲಿ ಆಮೇಲೆ 6 ಜಿಬಿಯದೂ ಬಂತು. ಹೆಸರು ಒಂದೇ, ಸರಕು ಎರಡು. ಆರ್‌ಟಿಎಕ್ಸ್ 2050 ಎಂಬುದಕ್ಕೆ 4 ಜಿಬಿ. 2023ರಲ್ಲಿ ಬಂದ 4050ಕ್ಕೆ 6 ಜಿಬಿ, 4060ಕ್ಕೆ 8 ಜಿಬಿ. 2025ರ 5050, 5060 ಎರಡಕ್ಕೂ 8 ಜಿಬಿ. ಈಗಿನ ದೊಡ್ಡ ಆಟಗಳಿಗೆ 4 ಜಿಬಿ ಸಾಲದು. ಮೂರು ನಾಲ್ಕು ವರ್ಷ ಬಾಳಬೇಕೆಂದು ಕೊಳ್ಳುವವರು 6 ಜಿಬಿಗಿಂತ ಕೆಳಗೆ ಇಳಿಯಬಾರದೆಂಬುದು ನನ್ನ ಅಭಿಪ್ರಾಯ. ಅಷ್ಟಕ್ಕೆ ಹಣ ಒದಗದಿದ್ದರೆ 4 ಜಿಬಿಯ ಕಾರ್ಡಿಗೆ ಹಣ ಹಾಕುವ ಬದಲು ಕಾರ್ಡಿಲ್ಲದ ಒಳ್ಳೆಯ ಯಂತ್ರವೇ ಲೇಸು.

ವಾಟಿನ ಸಂಗತಿ ನಮಗೆ ಬೇಗ ಅರ್ಥವಾಗುವಂಥದು. ಹೊಳೆಯಿಂದ ಗುಡ್ಡದ ತೋಟಕ್ಕೆ ನೀರೆತ್ತುವ ಪಂಪು ಒಂದೇ ಆದರೂ ಕರೆಂಟು ಪೂರ್ತಿ ಬಂದ ದಿನ ನೀರು ಮೇಲಿನ ಧರೆಗೆ ಏರುತ್ತದೆ, ವೋಲ್ಟೇಜು ಬಿದ್ದ ದಿನ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಪಂಪಿನ ಮೇಲಿನ ಬಿಲ್ಲೆ ಮಾತ್ರ ಎರಡು ದಿನವೂ ಅದೇ. ಆರ್‌ಟಿಎಕ್ಸ್ 4050 ಕಾರ್ಡನ್ನು 35 ವಾಟಿನಿಂದ 115 ವಾಟಿನವರೆಗೆ ಎಷ್ಟಕ್ಕೆ ಬೇಕಾದರೂ ಇಟ್ಟುಕೊಳ್ಳಲು ಲ್ಯಾಪ್‌ಟಾಪ್ ಕಂಪನಿಗಳಿಗೆ ಅವಕಾಶವುಂಟು. ತೆಳ್ಳಗೆ ಚೆಂದವಾಗಿ ಮಾಡಿದ ಯಂತ್ರದಲ್ಲಿ ಬಿಸಿ ತಡೆಯಲಾರದೆಂದು ಕಡಿಮೆ ವಾಟು ಕೊಟ್ಟಿರುತ್ತಾರೆ. ಅಂಥದ್ದರಲ್ಲಿರುವ 4050 ಪೂರ್ತಿ ವಾಟಿನ 4050ರ ಹತ್ತಿರಕ್ಕೂ ಬಾರದು. ಅಂಗಡಿಯ ಚೀಟಿಯಲ್ಲಿ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ಕಂಪನಿಯ ವಿವರ ಪತ್ರದಲ್ಲಿ ‘ಟಿಜಿಪಿ’ ಎಂದು ಇರುತ್ತದೆ. ಅದನ್ನು ಕೇಳಿ ನೋಡಿಯೇ ಹಣ ಕೊಡತಕ್ಕದ್ದು. ವಿವರ ಕೊಡದ ಮಾರಾಟಗಾರನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿರಿ.

ಎಎಸ್‌ಯುಎಸ್ ಟಫ್, ಎಚ್‌ಪಿ ವಿಕ್ಟಸ್, ಲೆನೊವೊ ಎಲ್‌ಒಕ್ಯೂ, ಏಸರ್ ನೈಟ್ರೊ ಇವೆಲ್ಲ ಈ ಮಿತವಾದ ಬೆಲೆಯ ಸಾಲಿನಲ್ಲಿ ನಮ್ಮ ದೇಶದಲ್ಲಿ ಸಿಗುವ ಹೆಸರುಗಳು. ಒಂದೇ ಹೆಸರಿನಲ್ಲಿ ಹತ್ತಾರು ಬಗೆ ಇರುವುದರಿಂದ ಹೆಸರು ನೋಡಿ ಕೊಳ್ಳುವುದು ಪ್ರಯೋಜನವಿಲ್ಲ. 2024–25ರಲ್ಲಿ 3050 ಕಾರ್ಡಿನವು ಹೆಚ್ಚುಕಡಿಮೆ ಅರುವತ್ತು ಸಾವಿರದ ಆಸುಪಾಸಿನಲ್ಲಿಯೂ, 4050 ಕಾರ್ಡಿನವು ಎಪ್ಪತ್ತರಿಂದ ಎಂಬತ್ತೈದು ಸಾವಿರದ ನಡುವೆಯೂ ಸಿಗುತ್ತಿದ್ದವು. 2025ರ ಕೊನೆಯಿಂದ ಜಗತ್ತಿನಲ್ಲೆಲ್ಲ ರ್ಯಾಮಿನ ಬೆಲೆ ಜೋರಾಗಿ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ರ್ಯಾಮನ್ನು ಬಾಚಿಕೊಳ್ಳುತ್ತಿರುವುದೇ ಅದಕ್ಕೆ ಕಾರಣ. ಆದುದರಿಂದ ಹಳೆಯ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿರಿ. ‘ಈಗ 8 ಜಿಬಿ ರ್ಯಾಮ್ ತಗೊಳ್ಳೋಣ, ಮುಂದೆ ಹಾಕಿಸಿದರಾಯಿತು’ ಎಂಬ ಹಿಂದಿನ ಉಪಾಯವೂ ಈಗ ಅಷ್ಟು ಲಾಭದ್ದಲ್ಲ. ಪೆಟ್ಟಿಗೆಯಲ್ಲಿಯೇ 16 ಜಿಬಿ ಬರುವುದನ್ನು ನೋಡಿರಿ; ಅದು ಎರಡು ಪಟ್ಟಿಯಾಗಿ, ಎಂಟು ಎಂಟಾಗಿ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಬಾಗಿಲಿನಿಂದ ಸಾಗಿಸುವುದಕ್ಕೂ ಎರಡು ಬಾಗಿಲಿನಿಂದ ಸಾಗಿಸುವುದಕ್ಕೂ ವ್ಯತ್ಯಾಸವುಂಟಷ್ಟೆ. ಮುಂದೆ ರ್ಯಾಮ್ ಸೇರಿಸಲು ಜಾಗ ಇದೆಯೋ, ಬೆಸುಗೆ ಹಾಕಿ ಮುಚ್ಚಿದ್ದಾರೋ ಎಂಬುದನ್ನೂ ಕೇಳಿರಿ.

ಪ್ರೊಸೆಸರಿನ ಮಾತು ಚಿಕ್ಕದು. ಇಂಟೆಲ್ ಆದರೆ ಐ5, ಎಎಮ್‌ಡಿ ಆದರೆ ರೈಜೆನ್ 5, ಹೆಸರಿನ ಕೊನೆಗೆ ‘ಎಚ್’ ಇರಲಿ. ‘ಯು’ ಇದ್ದರೆ ಅದು ಕಡಿಮೆ ಕರೆಂಟಿನ ಹಗುರ ಬಗೆ. ಐ7ಗೆ ಹಣ ಸುರಿದು ಕಾರ್ಡಿನಲ್ಲಿ ಜಿಪುಣತನ ಮಾಡುವುದು ಎತ್ತಿಗೆ ಹಿಂಡಿ ಕೊಡದೆ ಗಂಟೆ ಕಟ್ಟಿದ ಹಾಗೆ. ಪರದೆ 144 ಹರ್ಟ್ಸ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಈಗ ಎಲ್ಲದರಲ್ಲಿಯೂ ಬರುವ ಗುಣ. ಅದಕ್ಕಿಂತ ಬಣ್ಣದ ಗುಣ ನೋಡಬೇಕು. ವಿವರ ಪತ್ರದಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ಬಣ್ಣ ಮಂಕು, 100 ಶೇಕಡಾ ಎಸ್‌ಆರ್‌ಜಿಬಿ ಎಂದಿದ್ದರೆ ಚೊಕ್ಕ.

ಸಾಮಾನು ತುಂಬುವ ಕಣಜ, ಅಂದರೆ ಎಸ್‌ಎಸ್‌ಡಿ, 512 ಜಿಬಿಗೆ ಕಡಿಮೆ ಬೇಡ. ರೆಡ್ ಡೆಡ್ ರಿಡೆಂಪ್ಶನ್ 2 ಒಂದಕ್ಕೇ 150 ಜಿಬಿ ಜಾಗ ಬೇಕು, ಸೈಬರ್‌ಪಂಕಿಗೆ 70 ಜಿಬಿ. ಇಲ್ಲಿ ಹಳ್ಳಿಯವರು ಮಾಡಬೇಕಾದ ಒಂದು ಲೆಕ್ಕವಿದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 150 ಜಿಬಿ ಇಳಿಸಿಕೊಳ್ಳಲು ಎಪ್ಪತ್ತೈದು ದಿನ ಬೇಕು, ಅದೂ ಬೇರೇನೂ ನೋಡದಿದ್ದರೆ. ಮನೆಗೆ ಫೈಬರ್ ಬಂದಿದ್ದರೆ ಸರಿ. ಇಲ್ಲವಾದರೆ ಹಾಸ್ಟೆಲಿನಲ್ಲಿಯೋ ಪೇಟೆಯ ನೆಂಟರ ಮನೆಯಲ್ಲಿಯೋ ಇಳಿಸಿಕೊಂಡು ಬರಬೇಕು. ಒಮ್ಮೆ ಇಳಿಸಿದ ಮೇಲೆ ಜೊತೆಗಾರರೊಡನೆ ಆಡುವುದಕ್ಕೆ ಡೇಟಾ ಹೆಚ್ಚು ಹಿಡಿಯುವುದಿಲ್ಲ, ಆದರೆ ಸಂಪರ್ಕ ತಡವರಿಸಬಾರದು. ಗುಡ್ಡದ ತುದಿಗೆ ಹೋಗಿ ಸಿಗ್ನಲ್ ಹಿಡಿಯಬೇಕಾದ ಮನೆಯಲ್ಲಿ ಪಂದ್ಯದ ಆಟಗಳಿಗೆಂದು ದುಬಾರಿ ಯಂತ್ರ ತರುವುದು ನೀರಿಲ್ಲದ ಬಾವಿಗೆ ಐದು ಎಚ್‌ಪಿ ಮೋಟಾರು ಇಟ್ಟಂತೆ.

ಈಗ ಯಾವ ಅಂಗಡಿಯವನೂ ಹೇಳದ ವಿಷಯಕ್ಕೆ ಬರೋಣ. ಈ ಯಂತ್ರಗಳನ್ನು ವಿವರಿಸುವವರೆಲ್ಲ ಬೆಂಗಳೂರಿನ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಜಯಪುರ, ಬಸರೀಕಟ್ಟೆಯ ಸುತ್ತಿನ ಮನೆ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳುವವರಿಲ್ಲ.

ಮೊದಲು ಇನ್ವರ್ಟರಿನ ಲೆಕ್ಕ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ 12ನ್ನು 150ರಿಂದ ಗುಣಿಸಿ 1800 ವಾಟ್-ಅವರ್. ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬುದನ್ನೂ ನೆನೆದು, ಕೈಗೆ ಸಿಗುವುದು 1200 ಎಂದು ಇಟ್ಟುಕೊಳ್ಳಿ. ದೀಪಗಳೂ ಎರಡು ಫ್ಯಾನೂ ಸೇರಿ 150 ವಾಟಾದರೆ ಎಂಟು ಗಂಟೆ ನಡೆಯಿತು. ಮಗ ಆಟಕ್ಕೆ ಕೂತರೆ ಲ್ಯಾಪ್‌ಟಾಪು ಇನ್ನೊಂದು 150 ವಾಟು ಎಳೆಯುತ್ತದೆ. ಆಗ ನಾಲ್ಕು ಗಂಟೆಗೇ ಮುಗಿಯಿತು, ಭಾರ ಹೆಚ್ಚಿದಷ್ಟೂ ಬ್ಯಾಟರಿ ಸೋಲುವುದರಿಂದ ನಿಜವಾಗಿ ಇನ್ನೂ ಮೊದಲೇ. ರಾತ್ರಿ ಅಜ್ಜಿ ಎದ್ದಾಗ ದೀಪವಿಲ್ಲ. ಸಾಮಾನ್ಯ ಲ್ಯಾಪ್‌ಟಾಪಾದರೆ 30, 40 ವಾಟಿನಲ್ಲಿ ಕೆಲಸ ಮುಗಿಸುತ್ತದೆ. ಗೇಮಿಂಗ್ ಯಂತ್ರದಲ್ಲಿಯೂ ಓದು ಬರಹದ ವೇಳೆ ಕಾರ್ಡನ್ನು ಮಲಗಿಸಿಡುವ ಏರ್ಪಾಡು ಇರುತ್ತದೆ, ಆಗ ಅದೂ ಕಡಿಮೆಯೇ ತಿನ್ನುತ್ತದೆ. ಕರೆಂಟು ಇಲ್ಲದಾಗ ಓದು, ಇದ್ದಾಗ ಆಟ ಎಂದು ಮನೆಯಲ್ಲಿ ಕರಾರು ಮಾಡಿಕೊಂಡರೆ ಜಗಳವಿಲ್ಲ. ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಯಲ್ಲಿ ಆಡುತ್ತೇನೆಂದರೆ ಒಂದು ಗಂಟೆಯ ಆಸುಪಾಸು, ಅದೂ ಕುಂಟುತ್ತ. ಬ್ಯಾಟರಿಯ ಮೇಲೆ ನಡೆಯುವಾಗ ಕಾರ್ಡಿಗೆ ಪೂರ್ತಿ ವಾಟು ಸಿಗದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳಲ್ಲಿ ಈ ದೊಡ್ಡ ಚಾರ್ಜರುಗಳು ಗುಂಯ್ಗುಟ್ಟಿ ಬಿಸಿಯಾಗುವುದುಂಟು. ಸೈನ್ ವೇವ್ ಇನ್ವರ್ಟರೇ ಸರಿ.

ವೋಲ್ಟೇಜು ಕಡಿಮೆ ಬರುತ್ತದೆಂದು ಸ್ಟೆಬಿಲೈಸರ್ ಕೊಳ್ಳಲು ಹೋಗಬೇಡಿರಿ. ಚಾರ್ಜರಿನ ಮೇಲಿನ ಬರಹ ಓದಿದರೆ 100ರಿಂದ 240 ವೋಲ್ಟು ಎಂದು ಇರುತ್ತದೆ. ದೀಪ ಮಿಣಿಮಿಣಿ ಎನ್ನುವ ದಿನವೂ ಅದು ತನ್ನ ಕೆಲಸ ಮಾಡುತ್ತದೆ. ಅಪಾಯ ಕಡಿಮೆ ವೋಲ್ಟೇಜಿನಿಂದಲ್ಲ, ಹೆಚ್ಚಿನಿಂದ. ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 300 ವೋಲ್ಟಿಗೂ ಮೇಲೆ ನುಗ್ಗುವುದುಂಟು. ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವದ ಗುಡುಗು, ಅಕ್ಟೋಬರಿನ ಹಿಂಗಾರು ಗುಡುಗು ಇವೆರಡು ಕಾಲದಲ್ಲಿ ಸಿಡಿಲಿನ ಪೆಟ್ಟು ಬೇರೆ. ಗಾಳಿ ಎದ್ದರೆ, ಗುಡುಗು ದೂರದಲ್ಲಿ ಕೇಳಿದರೆ, ಪ್ಲಗ್ ಕೀಳುವುದೇ ನಂಬಿಗಸ್ತ ಉಪಾಯ. ಸ್ವಿಚ್ಚು ಆರಿಸಿದರೆ ಸಾಲದು. ಇಂಟರ್‌ನೆಟ್ಟಿನ ಕೇಬಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದ್ದರೆ ಅದನ್ನೂ ಕೀಳಬೇಕು. ಫೈಬರ್ ಗಾಜಿನದು, ಕರೆಂಟು ಹರಿಸದು, ನಿಜ. ಆದರೆ ಮೋಡೆಮ್ಮಿನಿಂದ ಈಚೆಗೆ ಬರುವ ತಂತಿ ತಾಮ್ರದ್ದು.

ಸರ್ಜ್ ಪ್ರೊಟೆಕ್ಟರ್ ಎಂಬ ಪೆಟ್ಟಿಗೆ ಕೊಳ್ಳುವುದು ಒಳ್ಳೆಯದೇ. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದರ ಪ್ರಯೋಜನ ಬಹಳ ಕುಗ್ಗುತ್ತದೆ. ಚಾರ್ಜ್ ಮಾಡುವಾಗ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಕೈ ಜುಂ ಎನ್ನುವುದಾದರೆ ಅರ್ಥಿಂಗ್ ನೋಡಿಸಬೇಕೆಂದು ತಿಳಿಯಿರಿ. ಇದು ಲ್ಯಾಪ್‌ಟಾಪಿಗಾಗಿ ಮಾತ್ರ ಮಾಡುವ ಖರ್ಚಲ್ಲ, ಮಿಕ್ಸಿ ಮುಟ್ಟುವ ಮನೆಯವರ ಜೀವಕ್ಕೂ ಬೇಕಾದದ್ದು.

ಇನ್ನು ಶೀತ. ಆಷಾಢದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಸಲು ಬರುವ ಮನೆಯಲ್ಲಿ ಯಂತ್ರವನ್ನು ಚೀಲಕ್ಕೆ ಹಾಕಿ ಬೀರುವಿನಲ್ಲಿ ವಾರಗಟ್ಟಲೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ದಿನಾ ಸ್ವಲ್ಪ ಹೊತ್ತು ನಡೆಸಿದರೆ ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ಅಡಿಕೆ ಬೇಯಿಸುವ ಒಲೆ, ಬಚ್ಚಲ ಹಂಡೆಯ ಒಲೆ ಇವುಗಳ ಹೊಗೆ ಬರುವ ಕಡೆ ಇಡಕೂಡದು. ಫ್ಯಾನು ಹೊಗೆಯ ಮಸಿಯನ್ನೂ ಧೂಳನ್ನೂ ಒಳಗೆಳೆದುಕೊಂಡು, ಎರಡೂ ಸೇರಿ ಜಿಗುಟಾಗಿ, ಬಿಸಿ ಹೊರಹೋಗುವ ಕಿಂಡಿಗೆ ಕಟ್ಟಿಕೊಳ್ಳುತ್ತವೆ. ಕಂಬಳಿಯ ಮೇಲೆ, ಹಾಸಿಗೆಯ ಮೇಲೆ ಇಟ್ಟು ಆಡುವುದೂ ಹಾಗೆಯೇ, ಗಾಳಿ ಬರುವ ದಾರಿ ಮುಚ್ಚಿದಂತೆ. ಹಿಂಬದಿಗೆ ಒಂದಂಗುಲ ಎತ್ತರದ ಮರದ ತುಂಡು ಕೊಟ್ಟರೆ ಬಿಸಿ ಎಷ್ಟೋ ಇಳಿಯುತ್ತದೆ; ಇದಕ್ಕಾಗಿ ಸಾವಿರ ರೂಪಾಯಿಯ ಸ್ಟ್ಯಾಂಡು ಬೇಡ.

ಕೊಳ್ಳುವ ಕಾಲವೂ ಒಂದು ಕಷ್ಟದ ಸಂಗತಿಯೇ. ಕಾಲೇಜು ಶುರುವಾಗುವುದು ಮಳೆಗಾಲದಲ್ಲಿ, ಆಗ ಮನೆಯಲ್ಲಿ ಕಾಸಿಲ್ಲ, ಔಷಧಿ ಹೊಡೆಸುವ ಖರ್ಚು ಎದುರಿಗಿದೆ. ಅಡಿಕೆ ಕೊಯ್ದು, ಸುಲಿದು, ಒಣಗಿಸಿ, ಮ್ಯಾಮ್ಕೋಸಿಗೋ ಮಂಡಿಗೋ ಹಾಕಿ ಹಣ ಕಾಣುವುದು ಬೇಸಗೆಯ ಹೊತ್ತಿಗೆ. ಮೊದಲ ಸೆಮಿಸ್ಟರಿನಲ್ಲಿ ಭಾರಿ ಯಂತ್ರ ಬೇಕಾಗುವಂಥ ಪಾಠ ವಿರಳ, ಕಾಲೇಜಿನ ಲ್ಯಾಬಿನಲ್ಲಿ ಸುಧಾರಿಸಬಹುದು. ಆದುದರಿಂದ ಆರು ತಿಂಗಳು ಕಾದು, ಕೈಯಲ್ಲಿ ಹಣವಿಟ್ಟುಕೊಂಡು ಕೊಳ್ಳಿರೆಂದು ಹೇಳುತ್ತೇನೆ. ಹುಡುಗರಿಗೆ ಈ ಮಾತು ಹಿಡಿಸದು, ಗೊತ್ತು. ಆದರೂ ಬಡ್ಡಿಯಿಲ್ಲದ ಕಂತು ಎಂಬುದರ ಒಳಗನ್ನು ತಾವು ನೋಡಬೇಕು. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟನ್ನು ಮಾರಾಟಗಾರ ರಿಯಾಯಿತಿಯೆಂದು ಬೆಲೆಯಲ್ಲಿ ಕಳೆದಿರುತ್ತಾನೆ. ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೆ. ಒಟ್ಟಿಗೆ ಹಣ ಕೊಡುವವನಿಗೆ ಅದೇ ರಿಯಾಯಿತಿ ಸಿಗುತ್ತದೆಯೇ ಎಂದು ಮೊದಲು ಕೇಳಿರಿ. ಸೊಸೈಟಿಯ ಬೆಳೆ ಸಾಲವನ್ನು ಮಾತ್ರ ಇದಕ್ಕೆ ತಿರುಗಿಸಲೇಕೂಡದು. ವಾಯಿದೆಗೆ ಕಟ್ಟಿದವರಿಗೇ ಬಡ್ಡಿ ರಿಯಾಯಿತಿ. ತಪ್ಪಿದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತೊಡಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯಂತ್ರವನ್ನು ಕಣ್ಣೆದುರಿಗೆ ಅರ್ಧ ಗಂಟೆ ದೊಡ್ಡ ಆಟವೊಂದರಲ್ಲಿ ಓಡಿಸಿ ನೋಡಬೇಕು. ಐದು ನಿಮಿಷಕ್ಕೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಬಿಸಿಯ ರೋಗ ಹೊರಬೀಳುವುದು ಇಪ್ಪತ್ತು ನಿಮಿಷದ ಮೇಲೆ. ಬ್ಯಾಟರಿ ರಿಪೋರ್ಟ್ ಎಂಬ ಪತ್ರವನ್ನು ವಿಂಡೋಸೇ ಕೊಡುತ್ತದೆ. ಹುಟ್ಟಿದಾಗಿನ ಬಲ ಎಷ್ಟು, ಈಗ ಉಳಿದದ್ದೆಷ್ಟು ಎಂದು ಅದರಲ್ಲಿ ಓದಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಬಾರದ ಹಳೆಯ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಮನೆಯಲ್ಲೇ ಇಟ್ಟು ಆಡುವುದಾದರೆ, ಹಾಸ್ಟೆಲಿಗೆ ಒಯ್ಯುವುದಿಲ್ಲವಾದರೆ, ಅದೇ ಹಣಕ್ಕೆ ಡೆಸ್ಕ್‌ಟಾಪು ಹೆಚ್ಚು ಬಲದ್ದು ಸಿಗುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಾಯಿಸಲೂ ಬರುತ್ತದೆ. ಅದನ್ನೂ ವಿಚಾರ ಮಾಡಿರಿ.

ಹಣ ಕೊಡುವ ಮೊದಲು ವಾರಂಟಿಯ ವಿಚಾರ ಬಾಯಿಮಾತಿನಲ್ಲಿ ಬಿಡಬಾರದು. ಮನೆಗೇ ಬಂದು ದುರಸ್ತಿ ಮಾಡುವ ಆನ್‌ಸೈಟ್ ವಾರಂಟಿ ಎಂದು ಬರೆದಿದ್ದರೂ ಅದು ನಿಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಪಿನ್‌ಕೋಡ್ ಹೇಳಿಯೇ ಕಂಪನಿಗೆ ಫೋನು ಮಾಡಿ ಕೇಳಿರಿ. ಇಲ್ಲವೆಂದರೆ ಶಿವಮೊಗ್ಗ, ಮಂಗಳೂರಿನಂಥ ಊರಿನಲ್ಲಿ ಅದೇ ಕಂಪನಿಯ ಸರ್ವೀಸ್ ಸೆಂಟರ್ ಇದೆಯೇ ನೋಡಿರಿ. ನೀರು ಬಿದ್ದದ್ದು, ಕೆಳಗೆ ಬಿದ್ದು ಒಡೆದದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಹಣ ಕಟ್ಟುವ ರಕ್ಷಣೆ ಉಂಟು, ಅದನ್ನು ಕೊಂಡ ಹೊಸದರಲ್ಲಿಯೇ ಮಾಡಿಸಬೇಕು. ಸೋರುವ ಮಾಡಿನ ಕೆಳಗೆ ಓದುವ ಮಕ್ಕಳಿರುವ ಮನೆಗೆ ಇದು ದಂಡವಲ್ಲ.

ಆನ್‌ಲೈನಿನಲ್ಲಿ ತರಿಸಿದ್ದಾದರೆ ಪೆಟ್ಟಿಗೆ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿರಿ. ಹಿಂದಿರುಗಿಸಲು ಕೊಟ್ಟ ಕೆಲವೇ ದಿನಗಳ ಅವಧಿಯೊಳಗೆ, ಪ್ರತಿ ದಿನವೂ ಒಂದೆರಡು ಗಂಟೆ ಜೋರು ಆಟವಾಡಿಸಿರಿ. ಈ ವಾರ ಮಾತ್ರ ಮಗನಿಗೆ ಆಡೆಂದು ಅಪ್ಪಯ್ಯನೇ ಹೇಳಬೇಕು. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕೆ ಇದೆಯೇ ನೋಡಿರಿ, ಎಲ್ಲ ಕೀಲಿಗಳನ್ನೂ ಒತ್ತಿರಿ, ಚಾರ್ಜರು ವಾಸನೆ ಬರುವುದೇ ಗಮನಿಸಿರಿ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರು ಇರಲೇಬೇಕು. ಅದನ್ನು ಯಂತ್ರದ ತಳದ ನಂಬರಿಗೆ ಹೋಲಿಸಿ, ಬಿಲ್ಲಿನ ಫೋಟೋ ತೆಗೆದಿಟ್ಟು, ಮೂಲ ಬಿಲ್ಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪಹಣಿ, ಕಂದಾಯದ ರಸೀತಿಗಳ ಜೊತೆ ಇಡಿರಿ.